ಬಳೆ ಅಂಗಡಿಯಲ್ಲಿ ಅಂಟಿನ ಉಂಡಿ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಪರಿಚಯವಿಲ್ಲದ ಹೆಂಗಸರ ಎದುರು ನನಗೆ ಮಾತು ಹೊರಡುವುದಿಲ್ಲ. ಹೆಂಡತಿಯ ಎದುರೂ ಹೊರಡುವುದಿಲ್ಲ, ಅದರ ಕಾರಣ ಬೇರೆ. ಇಂಥವನು ಬೈಲಹೊಂಗಲದ ಪೇಟೆಯಲ್ಲಿ ಹೆಂಗಸರೇ ಬರುವ ಅಂಗಡಿಯೊಂದನ್ನು ಹಿಡಿದೆ. ಸ್ವಾತಂತ್ರ್ಯ ಬಂದ ಹೊಸದು. ತಂದೆಯ ಪೌರೋಹಿತ್ಯ ನನಗೆ ಒಗ್ಗಲಿಲ್ಲ. ಮಂತ್ರದ ನಡುವೆ ಮರೆತು, ಮದುಮಕ್ಕಳ ಮುಖ ನೋಡುತ್ತ ಕೂತುಬಿಡುತ್ತಿದ್ದೆ. ಆದರೆ ನನ್ನ ಹೆಂಡತಿ ಮರದ ಅಂಟು ಹುರಿದು, ಒಣಕೊಬ್ಬರಿ ಬೆರೆಸಿ ಕಟ್ಟುವ ಅಂಟಿನ ಉಂಡಿಗೆ ಊರಿನ ಬಾಣಂತಿಯರ ಮನೆಗಳಿಂದ ಕರೆ ಬರುತ್ತಿತ್ತು. ಅದನ್ನೇ ಮಾರೋಣ ಎಂದುಕೊಂಡೆವು. ಅದೇ ಹೊತ್ತಿಗೆ ಬಳೆಗಾರ ಇಮಾಮಸಾಹೇಬರು ತಮ್ಮ ಅಂಗಡಿ ಬಿಟ್ಟು ನೇಸರಗಿಯ ಮಗಳ ಮನೆಗೆ ಹೊರಟಿದ್ದರು.

ಅಂಗಡಿ ಕೈಗೆ ಬಂತು, ಬಳೆಚೂರುಗಳ ಸಮೇತ. ಗುಡಿಸಿದಷ್ಟೂ ನೆಲದ ಸಂದಿಯಿಂದ ಹಸಿರು, ಕೆಂಪು ಚೂರು. ಒಂದು ಚೂರು ಉಂಡಿಯಲ್ಲಿ ಸಿಕ್ಕರೆ ವ್ಯಾಪಾರವೂ ಮುಗಿಯಿತು, ಮರ್ಯಾದೆಯೂ ಮುಗಿಯಿತು. ನೆಲವನ್ನೇ ಅಗೆಸಿ ಹೊಸ ಕಲ್ಲು ಹಾಸಿಸಿದೆ. ಗೋಡೆಗೆ ಸುಣ್ಣ ಬಂತು, ಉಂಡಿಗೆಂದು ಗಾಜಿನ ಕಪಾಟು ಬಂತು. ಹೆಂಗಸರು ಬಳೆ ಇಡಿಸಿಕೊಳ್ಳಲು ಕೂರುತ್ತಿದ್ದ ಕಟ್ಟೆಯೊಂದು ಮಾತ್ರ ಉಳಿಯಿತು. "ರಾಯರ, ಈ ಕಟ್ಟಿ ಒಡದ್ರ ಇದರ ಕೂಡ ಗ್ವಾಡಿನೂ ಬರತೈತಿ ನೋಡ್ರಿ" ಎಂದು ಗಾರೆ ಕೆಲಸದ ಗೌಂಡಿ ದಸ್ತಗೀರ ಕೈ ಚೆಲ್ಲಿದ. ಇರಲಿ, ಪಾಪ, ಕಟ್ಟೆ ಏನು ಮಾಡೀತು ಎಂದುಕೊಂಡೆ.

ಅಂಗಡಿ ತೆರೆದ ದಿನ ಮೊದಲು ಬಂದವಳು ಕಣ್ಣು ಮಂಜಾದ ಒಬ್ಬ ಅಜ್ಜಿ. ಸಂಗೊಳ್ಳಿಯವಳು, ಜೊತೆಗೆ ಬಸುರಿ ಮೊಮ್ಮಗಳು. ಅಜ್ಜಿ ಸೀದಾ ಕಟ್ಟೆಯ ಮೇಲೆ ಕೂತಳು, ಎಡಗೈ ಚಾಚಿದಳು, ನೋವು ಕಾಣಬಾರದೆಂದು ಮುಖ ಬೀದಿಗೆ ತಿರುಗಿಸಿದಳು.

"ಹಸರ ಬಳಿ ಇಡೋ ಇಮಾಮಸಾಬ. ಸಾವಕಾಶ ಇಡು, ಕೈ ನೋಯತೈತಿ."

ಬಳೆ ಇಲ್ಲ ಎನ್ನಹೋದೆ. ಗಂಟಲಿಂದ ಬರೀ ಗಾಳಿ ಬಂತು.

"ಏನ ನೋಡಕೋತ ನಿಂತಿ? ಹಿಡಿ ಕೈ!" ಅಜ್ಜಿ ಗದರಿದಳು. ಗದರಿದ ರಭಸಕ್ಕೆ ಹಿಡಿದೇಬಿಟ್ಟೆ.

ಎದುರಿನ ಅಂಗಡಿಯವರು ತಕ್ಕಡಿ ಕೆಳಗಿಟ್ಟು ನೋಡತೊಡಗಿದರು. ಹಾಡಹಗಲೇ ಪೇಟೆಯಲ್ಲಿ ಪರಸ್ತ್ರೀಯ ಕೈ ಹಿಡಿದ ಸುದ್ದಿ, ಸಂಜೆಯೊಳಗೆ ಮುರಗೋಡದ ಮಾವನ ಮನೆ ಮುಟ್ಟುವುದು ಖಚಿತವೆನಿಸಿತು. ಅಷ್ಟರಲ್ಲಿ ಒಳಗಿನಿಂದ ಹೆಂಡತಿ ಬಂದಳು. ಒಮ್ಮೆ ನನ್ನನ್ನು, ಒಮ್ಮೆ ಆ ಕೈಯನ್ನು ನೋಡಿದಳು. ಅಜ್ಜಿಯ ಅಂಗೈ ಮೇಲೆ ಒಂದು ಉಂಡಿ ಇಟ್ಟಳು.

ಅಜ್ಜಿ ಬೆರಳಿಂದ ಸುತ್ತಲೂ ಒತ್ತಿ ನೋಡಿದಳು. "ಇದೆಂಥಾ ಬಳಿಯೋ, ತೂತ ಇಲ್ಲ!"

"ಬಳಿ ನೇಸರಗಿಗೆ ಹೋದ್ವು ಅಜ್ಜಿ. ಇದು ಅಂಟಿನ ಉಂಡಿ. ತಿಂದು ನೋಡ್ರಿ" ಎಂದಳು ಹೆಂಡತಿ.

ಮೊಮ್ಮಗಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಗುತ್ತಿದ್ದಳು. ಅಜ್ಜಿ ಅವಸರವಿಲ್ಲದೆ ಅಗಿದಳು. "ಅಂಟ ಛಲೋ ಹುರದೀ ತಂಗಿ. ಈಕಿ ಬಾಣಂತನಕ್ಕ ಒಂದ ಡಬ್ಬಿ ಕಟ್ಟಿ ಇಡ" ಎಂದಳು. ಅಲ್ಲಿಯವರೆಗೆ ಬಿಗಿಹಿಡಿದಿದ್ದ ಉಸಿರನ್ನು ಬಿಟ್ಟೆ. ಎಷ್ಟು ಜೋರಾಗಿ ಬಿಟ್ಟೆನೆಂದರೆ, "ಇವ್ರಿಗೇನ ದಮ್ಮಿನ ಬ್ಯಾನಿ ಐತೇನವಾ?" ಎಂದು ಆಕೆ ಮರುಗಿದಳು.

ಮರುದಿನದಿಂದ ಕಟ್ಟೆಯ ಬಳಿ ಹೆಂಡತಿಯೇ ಕೂತಳು. ಬಳೆಗೆಂದು ಬಂದು ಕೈ ಚಾಚಿದವರಿಗೆಲ್ಲ ಉಂಡಿಯ ತುಣುಕು ಸಿಕ್ಕಿತು. ಅವರಲ್ಲಿ ಬಹಳ ಮಂದಿ ಡಬ್ಬಿಯ ಸಮೇತ ಮತ್ತೆ ಬಂದರು. ನಾನು ಹಿಂದಿನ ಕೋಣೆಯಲ್ಲಿ ನೆಮ್ಮದಿಯಾಗಿ ಒಣಕೊಬ್ಬರಿ ತುರಿಯುವವನಾದೆ. ಒಂದು ದಿನ ಆಕೆ ಅರಿಶಿನ ಕುಂಕುಮಕ್ಕೆ ಹೋಗಿದ್ದಾಗ, ಬಾಗಿಲೆರಡನ್ನೂ ಅಗಲವಾಗಿ ತೆರೆದಿಟ್ಟು ನಾನೇ ಮುಂದೆ ಕೂತೆ. ಒಬ್ಬಾಕೆ ಬಂದು, ಇಣುಕಿ, ನನ್ನ ಮುಖ ನೋಡಿ ಕೇಳಿದಳು: "ಇವತ್ತ ಅಂಗಡಿ ಬಂದ್ ಐತೇನ್ರಿ?"

ನಾನು ಒಂದು ಗಳಿಗೆ ಯೋಚಿಸಿ, "ಹೌದ್ರಿ" ಎಂದೆ.