ಸಂಶಿಯ ಗೋದಾಮಿನ ಗುಟ್ಟಿನ ಅಂಕಿಯ ಬಗ್ಗೆ ಹುಬ್ಬಳ್ಳಿಯ ಗಣಕಯಂತ್ರಕ್ಕೆ

ಸಂಶಿ, ಗುರುವಾರ, ೧೯೭೮

ಮಾನ್ಯ ಗಣಕಯಂತ್ರ ಮಹಾಶಯರೇ,

ನಮ್ಮ ಸಹಕಾರಿ ಸಂಘದ ಹುಬ್ಬಳ್ಳಿ ಕಚೇರಿಯಲ್ಲಿ, ಸಾಹೇಬರಿಗೂ ಇಲ್ಲದ ತಂಪು ಕೋಣೆಯಲ್ಲಿ ವಿರಾಜಮಾನರಾದ ತಮ್ಮ ಪಾದಗಳಿಗೆ, ಪಾದಗಳಿಲ್ಲವೆಂದು ಕೇಳಿದ್ದೇನೆ, ಆದ್ದರಿಂದ ತಮ್ಮ ವಾಯರುಗಳಿಗೆ, ಸಂಶಿ ಗೋದಾಮಿನ ಉಸ್ತುವಾರಿ ಏಕನಾಥ ಗುಡಗೇರಿಯ ಸಾಷ್ಟಾಂಗ ನಮಸ್ಕಾರಗಳು. ಅತ್ತ ತಾವು ಕ್ಷೇಮವೆಂದು ನಂಬಿದ್ದೇನೆ. ಇತ್ತ ನಾವು ಕ್ಷೇಮವಾಗಿಲ್ಲ, ಕಾರಣ ತಾವೇ.

ಪ್ರತಿ ಸೋಮವಾರ ತಮ್ಮ ಕಚೇರಿಯಿಂದ ಹೊಸ ಅಂಕಿ ಬೀಗವೊಂದು ಬಂದು ನಮ್ಮ ಗೋದಾಮಿನ ಕದಕ್ಕೆ ಬೀಳುತ್ತದೆ. ಅದನ್ನು ತೆರೆಯುವ ನಾಲ್ಕಂಕಿಯ ಗುಟ್ಟನ್ನು ತಾವು ಹೆತ್ತು, ಅರಗಿನ ಮುದ್ರೆಯ ಲಕೋಟೆಯಲ್ಲಿ ಮುಂದಿನ ಬಸ್ಸಿಗೆ ಕಳಿಸುತ್ತೀರಿ. ಈ ಅಂಕಿ ರ‍್ಯಾಂಡಮ್, ಬ್ರಹ್ಮನಿಗೂ ಮೊದಲೇ ಗೊತ್ತಾಗದು ಎಂದು ತಮ್ಮ ಇಂಜಿನಿಯರ್ ಪ್ರಭಂಜನ ಅವರು ಹೇಳಿದಾಗ, ಧಾರವಾಡದಲ್ಲಿ ಇಂಟರ್‌ವರೆಗೆ ಮ್ಯಾಥಮೆಟಿಕ್ಸ್ ಓದಿದ ನಾನು ‘ವೆರಿ ವೆಲ್’ ಎಂದು ತಲೆದೂಗಿದೆ.

ಆದರೆ ಮಹಾಶಯರೇ, ತಾವು ಬಂದದ್ದು ಮಟಕಾ ಆಡುವವರ ನಾಡಿಗೆ. ಬಾಷಾಸಾಬನ ಚಹಾದಂಗಡಿಯ ಮಂದಿ, ಕನಸಿನಲ್ಲಿ ಹಾವು ಕಂಡರೆ ಯಾವ ಅಂಕಿ, ಸತ್ತ ಮಾವ ಕಂಡರೆ ಯಾವ ಅಂಕಿ ಎಂದು ಅರ್ಧ ಆಯುಷ್ಯ ಲೆಕ್ಕ ಹಾಕಿ ಒಮ್ಮೆಯೂ ಗೆಲ್ಲದವರು. ಅವರ ಲೆಕ್ಕಕ್ಕೆ ಸಿಗುವ ದೇವರು ಮೊದಲ ಸಲ ದೊರೆತದ್ದು ತಮ್ಮ ರೂಪದಲ್ಲಿ. ತಾವು ಹಿಂದಿನ ಅಂಕಿಯನ್ನು ಅದರಿಂದಲೇ ಗುಣಿಸಿ, ಎಂಟಂಕಿಯ ಉತ್ತರದ ನಡುವಿನ ನಾಲ್ಕಂಕಿಯನ್ನು ಹೆಕ್ಕಿ ಹೊಸ ಗುಟ್ಟೆಂದು ಕಳಿಸುತ್ತಿದ್ದಿರಂತೆ. ಅಗದಿ ಚಂದದ ಉಪಾಯ. ಹೀಗೆ ಹೆಕ್ಕುತ್ತ ಹೆಕ್ಕುತ್ತ ಒಂದು ದಿನ 2100ಕ್ಕೆ ಬಂದು ಸಿಕ್ಕಿಬಿದ್ದಿರಿ: 2100 ಆದಮೇಲೆ 4100, ಆಮೇಲೆ 8100, ಆಮೇಲೆ 6100, ಮತ್ತೆ 2100, ಗಾಣದ ಎತ್ತಿನಂತೆ. ನಾನು ಲಕೋಟೆ ಒಡೆಯುವ ಮೊದಲೇ ಬಾಷಾಸಾಬ, “ಕಾಕಾ, ಈ ವಾರ ಎಂಟ್ ಸಾವಿರದ ನೂರ್ ಐತ್ರಿ, ಸುಮ್ಮನ ಅರಗು ಯಾಕ ಕೆಡಸ್ತೀರಿ, ಚಾ ಕುಡೀರಿ” ಎನ್ನುತ್ತಿದ್ದ.

ಅವರು ಕಳ್ಳರಲ್ಲ, ಒಂದು ಶೇಂಗಾ ಕಾಳನ್ನೂ ಮುಟ್ಟಲಿಲ್ಲ. ಮುಟ್ಟಿದ್ದು ತೊಟ್ಟಿಲನ್ನು. ತೀರಿಹೋದ ನನ್ನ ಹೆಂಡತಿ ದ್ವಾರಕಾಬಾಯಿ, ಮಗಳು ಹೀರಾಳ ಮೊದಲ ಕೂಸಿಗೆಂದು ಕಲಘಟಗಿಯಲ್ಲಿ ಬಣ್ಣ ಹಚ್ಚುವವನ ಎದುರು ಕೂತು, ಗಿಳಿಯ ಕೊಕ್ಕು ಸಾಕಷ್ಟು ಕೆಂಪಾಗಿಲ್ಲವೆಂದು ಜಗಳಾಡಿ ಮಾಡಿಸಿದ ತೊಟ್ಟಿಲು. ಮನೆಯ ಗೆದ್ದಲಿಗೆ ಹೆದರಿ ನಾನು ಗೋದಾಮಿನಲ್ಲಿಟ್ಟಿದ್ದೆ. ತಮ್ಮ ಕೃಪೆಯಿಂದ ಅದು ಊರಿನ ಹೆಸರಿಡುವ ಕಾರ್ಯಗಳಿಗೆಲ್ಲ ಹೋಗಿ, ರಹೀಮಾಬಿಯ ಅವಳಿಗಳನ್ನೂ ತೂಗಿ, ಅರಿಶಿನ ಮೆತ್ತಿಕೊಂಡು ಮರಳತೊಡಗಿತು. ಅದನ್ನು ಒಯ್ದಿದ್ದ ನೆರೆಯ ಫಕೀರವ್ವನನ್ನು ಗದರಿಸಿದರೆ, “ಮೊಮ್ಮಗನ್ನ ಒಂದೊಪ್ಪತ್ತು ಹಾಕಿದ್ನಿರಿ ಯಪ್ಪಾ, ಬಣ್ಣಾ ಏನ್ ನೆಕ್ಕ್ಯಾನ?” ಎಂದಳು. ನೆಕ್ಕಿದ್ದ. ಒಂದು ಗಿಳಿಗೆ ಈಗ ಕೊಕ್ಕಿಲ್ಲ.

ನಾನು ದೂರು ಕೊಟ್ಟೆ, ತಾವು ತಿದ್ದಿಕೊಂಡಿರಿ. ಇದೇ ನನ್ನ ಇಂದಿನ ದೂರು. ಈಗ ತಾವು ಸ್ಟೇಷನ್ ಸಿಗದ ರೇಡಿಯೋದ ಕರಕರ ಸದ್ದಿನಿಂದ ಅಂಕಿ ಆರಿಸುತ್ತೀರಂತೆ. ಚಹಾದಂಗಡಿಯ ಮಂದಿ ಕನಸು ಬಿದ್ದರೂ ಲೆಕ್ಕ ಹತ್ತದೆ ಅಳುಮೋರೆ ಹಾಕಿದ್ದಾರೆ. ಈ ಸೋಮವಾರ ಬೀಗ ಬಂತು, ಲಕೋಟೆ ಬರಲಿಲ್ಲ. ಯಾರದೋ ಮೆಣಸಿನಕಾಯಿ ಚೀಲದೊಂದಿಗೆ ಎಲ್ಲೋ ಇಳಿದುಹೋಗಿದೆ. ಪ್ರಭಂಜನ ಅವರನ್ನು ಕೇಳಿದರೆ, ನಕಲು ಇಡುವುದಿಲ್ಲ, ಯಂತ್ರಕ್ಕೂ ಅದೇ ಅಂಕಿ ಮತ್ತೆ ಹುಟ್ಟಿಸಲು ಬರುವುದಿಲ್ಲ, ಅದೇ ಇದರ ಹೆಚ್ಚುಗಾರಿಕೆ ಎಂದು ಹರ್ಷದಿಂದ ತಿಳಿಸಿದರು. ನಾಳೆ ಮುಂಜಾನೆ ನನ್ನ ಮೊಮ್ಮಗಳಿಗೆ ಹೆಸರಿಡುವುದು. ಊರಿನ ಕೂಸುಗಳೆಲ್ಲ ಮಲಗಿದ ತೊಟ್ಟಿಲು ಒಳಗೆ, ಅದನ್ನು ಯಾರಿಗೆಂದು ಮಾಡಿಸಿದ್ದೋ ಆ ಕೂಸು ಹೊರಗೆ. ಹೀರಾ ಅಳುವುದಿಲ್ಲ, ನನ್ನನ್ನು ನೋಡಿ ಕದವನ್ನು ನೋಡುತ್ತಾಳೆ, ಅದು ಇನ್ನೂ ಕಷ್ಟ.

ಆದುದರಿಂದ ತಾವು ದಯವಿಟ್ಟು ಒಂದು ದಿನದ ಮಟ್ಟಿಗೆ ಮತ್ತೆ ದಡ್ಡರಾಗಬೇಕು. ಅದಾಗದಿದ್ದರೆ ಕಳೆದ ವಾರದ ಕರಕರವನ್ನು ಆಕಾಶದಿಂದ ವಾಪಸು ತರಿಸಬೇಕು. ಅದೂ ಆಗದಿದ್ದರೆ ಖುದ್ದಾಗಿ ಸಂಶಿಗೆ ಬಂದು, ಬಾಷಾಸಾಬನ ಬೆಂಚಿನ ಮೇಲೆ ಕೂತು, ನಮ್ಮಂತೆಯೇ ಊಹಿಸುತ್ತ ಬೆವರಬೇಕೆಂದು ವಿನಂತಿ. ‘ಐ ಹ್ಯಾವ್ ದಿ ಆನರ್ ಟು ಬಿ’ ಎಂಬುದರ ಮುಂದೆ ಏನೋ ಇತ್ತು, ಮರೆತಿದ್ದೇನೆ.

ತಮ್ಮ ಬುದ್ಧಿಗೆ ಬೆದರಿದ, ಆದರೂ ತಮ್ಮ ವಿಶ್ವಾಸಿ,
ಏಕನಾಥ ಗುಡಗೇರಿ

ತಾ.ಕ.: ಈ ಪತ್ರಕ್ಕೆ ಅಂಟು ಹಚ್ಚುವಷ್ಟರಲ್ಲಿ ಬಾಷಾಸಾಬನ ಮಂದಿ ಬಿಜಾಗರಿ ಬಿಚ್ಚಿ ಕದವನ್ನೇ ಎತ್ತಿ ಗೋಡೆಗೆ ಒರಗಿಸಿದ್ದಾರೆ. ತೊಟ್ಟಿಲು ಮನೆಯಲ್ಲಿದೆ, ಕೂಸು ಅದನ್ನು ಆಗಲೇ ಒದ್ದೆ ಮಾಡಿದೆ. ತಮ್ಮ ಬೀಗಕ್ಕೆ ಒಂದು ಗೀರೂ ಬಿದ್ದಿಲ್ಲ; ಗುಟ್ಟು ಭದ್ರವಾಗಿದೆ, ಅದನ್ನು ಈಗ ಯಾರೂ ಕೇಳುತ್ತಲೂ ಇಲ್ಲ.