ನೆಗ್ಗುರಾಯರ ಹತ್ತು ಪರಿಸ್ಥಿತಿಗಳು

"ಭಾನುವಾರ ಮಧ್ಯಾಹ್ನದ ಊಟದೊಳಗೆ ಈ ಕ್ಯಾಮೆರಾದ ಜಾತಕವನ್ನೇ ಬಿಡಿಸಿ ಇಡ್ತೀನಿ, ನೋಡ್ತಿರು!"

ನೆಗ್ಗುರಾಯರು ಹೀಗೆ ಘೋಷಿಸಿದಾಗ ಅವರ ಹೆಂಡತಿ ಹೊಲಿಗೆ ಯಂತ್ರದಿಂದ ತಲೆ ಎತ್ತಲಿಲ್ಲ. ಎತ್ತಲು ಪುರುಸೊತ್ತೂ ಇರಲಿಲ್ಲ. ಶಾಲೆಯೊಂದರ ನಲವತ್ತು ಸಮವಸ್ತ್ರಗಳನ್ನು ಬುಧವಾರ ಒಪ್ಪಿಸಬೇಕಿತ್ತು. ಇಪ್ಪತ್ತಾರಕ್ಕೆ ಇನ್ನೂ ಕಾಲರೇ ಬಿದ್ದಿರಲಿಲ್ಲ.

ನೆಗ್ಗುರಾಯರು ಎಂಬುದು ಹೆತ್ತವರಿಟ್ಟ ಹೆಸರೇನಲ್ಲ. ವಿಮಾ ಕಂಪನಿಯ ಸರ್ವೇಯರ್ ಆಗಿ ಇಪ್ಪತ್ತೆರಡು ವರ್ಷ ನೆಗ್ಗಿದ ಬಾಗಿಲು, ನೆಗ್ಗಿದ ಬಾನೆಟ್ಟು, ನೆಗ್ಗಿದ ಬಂಪರುಗಳ ಫೋಟೋ ತೆಗೆದೂ ತೆಗೆದೂ ಆಫೀಸಿನವರ ಬಾಯಲ್ಲಿ ಆ ಹೆಸರು ನಿಂತುಬಿಟ್ಟಿತ್ತು. ಈಚೆಗೆ ರಾಯರೂ ಒಂದಿಷ್ಟು ನೆಗ್ಗಿದ್ದರು. ಬಗ್ಗಿದರೆ ಸೊಂಟ ಹಿಡಿದುಕೊಳ್ಳುತ್ತಿತ್ತು, ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿತ್ತು. ಸಾಲದ್ದಕ್ಕೆ ಬಲಗೈ ನಡುಗುತ್ತಿತ್ತು. ಜಾಸ್ತಿಯೇನಲ್ಲ, ತುಂಬಿದ ಚಹಾ ಲೋಟ ತುಟಿಗೆ ತಲುಪುವಷ್ಟರಲ್ಲಿ ಅರ್ಧವಾಗುವಷ್ಟು!

"ರಾಯರೇ, ನೀವು ತೆಗೆದ ಫೋಟೋದಲ್ಲಿ ಒಂದು ನೆಗ್ಗು ಮೂರಾಗಿ ಕಾಣುತ್ತೆ. ಗಿರಾಕಿಗಳು ಮೂರಕ್ಕೂ ಪರಿಹಾರ ಕೇಳ್ತಿದಾರೆ!" ಎಂದು ಮ್ಯಾನೇಜರು ಶುಕ್ರವಾರ ಕರೆಸಿ ಹೇಳಿದ್ದರು.

"ಕ್ಯಾಮೆರಾ ಹಳೇದಾಯ್ತು ಸಾರ್," ಎಂದರು ರಾಯರು, ಬಲಗೈಯನ್ನು ಜೇಬಿಗೆ ಸೇರಿಸಿ.

"ಹಾಗಾದ್ರೆ ಇದು ತಗೊಳ್ಳಿ, ಹೊಸದು. ಹತ್ತು ಬೇರೆ ಬೇರೆ ಪರಿಸ್ಥಿತಿಗಳಲ್ಲಿ ಹತ್ತು ಫೋಟೋ ತೆಗೆದು ಸೋಮವಾರ ತನ್ನಿ. ಚೆನ್ನಾಗಿ ಬಂದ್ರೆ ಎಲ್ಲರಿಗೂ ಇದನ್ನೇ ತರಿಸೋಣ, ನೀವೂ ಫೀಲ್ಡಲ್ಲೇ ಇರಿ. ಬರಲಿಲ್ಲ ಅಂದ್ರೆ ತಪ್ಪು ಕ್ಯಾಮೆರಾದ್ದಲ್ಲ ಅಂತಾಯ್ತು. ಕೆಳಗೆ ರೆಕಾರ್ಡ್ ರೂಮಲ್ಲಿ ಒಂದು ಕುರ್ಚಿ ಖಾಲಿ ಇದೆ."

ರೆಕಾರ್ಡ್ ರೂಮಿಗೆ ಕಿಟಕಿಯಿಲ್ಲ. ಅಲ್ಲಿ ಹೋಗಿ ಕೂತವರು ಮತ್ತೆ ಹಗಲು ಕಂಡದ್ದು ನಿವೃತ್ತಿಯ ದಿನವೇ. ಬೀದಿ ಬೀದಿ ಸುತ್ತಿ, ಗ್ಯಾರೇಜಿನವರ ಜೊತೆ ಹರಟೆ ಹೊಡೆದುಕೊಂಡು ಬದುಕಿದ ರಾಯರಿಗೆ ಆ ಕುರ್ಚಿ ಜೈಲಿಗೆ ಸಮ.

ಕ್ಯಾಮೆರಾ ಅಂಗೈಯಲ್ಲಿ ಅಡಗುವಷ್ಟು ಪುಟ್ಟದು. ನೆತ್ತಿಯ ಮೇಲೆ ತಿರುಗಿಸುವ ಬಿರಡೆ, ಅದರ ಸುತ್ತ ಬೆಟ್ಟ, ಹೂವು, ಓಡುವ ಮನುಷ್ಯ, ನಗುವ ಮುಖ ಎಂದು ಸಾಸಿವೆಯಷ್ಟು ಚಿತ್ರಗಳು. ಜೊತೆಗೆ ಇಟ್ಟಿಗೆಯಂಥ ಕೈಪಿಡಿ.

"ಅದನ್ನ ಓದಬಾರದೇನ್ರೀ?" ಎಂದಳು ಹೆಂಡತಿ.

"ಕೈಪಿಡಿ ಓದೋದು ಕೈ ಪಳಗದವರು ಕಣೇ!"

ರಾಯರ ಆಫೀಸಿನ ಫಾರಮ್ಮಿನಲ್ಲಿ ವಾಹನ ಸರಿಯಿದ್ದರೆ ನಗುವ ಮುಖಕ್ಕೆ ಗುರುತು ಹಾಕಬೇಕು, ಕೆಟ್ಟಿದ್ದರೆ ಅಳುವ ಮುಖಕ್ಕೆ. ನಗುವ ಮುಖವೆಂದರೆ 'ಎಲ್ಲಾ ಸರಿಯಿದೆ' ಎಂಬುದು ಇಪ್ಪತ್ತೆರಡು ವರ್ಷದಿಂದ ಅವರ ರಕ್ತದಲ್ಲೇ ಸೇರಿಹೋಗಿತ್ತು. ಬಿರಡೆಯನ್ನು ನಿಶ್ಚಿಂತೆಯಿಂದ ಅಲ್ಲಿಗೇ ತಿರುಗಿಸಿದರು. ಆ ಚಿತ್ರದ ನಿಜವಾದ ಅರ್ಥ ಕೈಪಿಡಿಯ ಹನ್ನೊಂದನೆಯ ಪುಟದಲ್ಲಿ ದಪ್ಪಕ್ಷರದಲ್ಲಿತ್ತು: ಎದುರಿಗೆ ಯಾರಾದರೂ ನಕ್ಕರೆ ಕ್ಯಾಮೆರಾ ತಾನಾಗಿಯೇ ಫೋಟೋ ತೆಗೆಯುತ್ತದೆ.

"ಹತ್ತು ಪರಿಸ್ಥಿತಿ ಅಂದ್ರೆ ಯಾವ್ಯಾವುದು?"

"ಬಿಸಿಲು, ನೆರಳು, ಮಬ್ಬು ಬೆಳಕು, ಓಡೋ ವಸ್ತು, ಹತ್ತಿರದ ವಸ್ತು..."

"ಮನೆ ಪರಿಸ್ಥಿತಿ ಒಂದು ತೆಗೀರಿ, ಹತ್ತಕ್ಕೂ ಸಮ."

ಬಾಗಿಲ ಬಳಿಯ ಬೆತ್ತದ ಕುರ್ಚಿಯಲ್ಲಿ ಕೂತಿದ್ದ ಅತ್ತೆ, ಅಂದರೆ ಹೆಂಡತಿಯ ತಾಯಿ, ಹೂಂಗುಟ್ಟಿದರು. ಅವರಿಗೆ ಎಪ್ಪತ್ನಾಲ್ಕು ವರ್ಷ, ಒಂದು ಕಣ್ಣಿಗೆ ಪೊರೆ. ನೋಡಬೇಕಾದ್ದನ್ನೆಲ್ಲ ಇನ್ನೊಂದು ಕಣ್ಣೇ ಧಾರಾಳವಾಗಿ ನೋಡುತ್ತಿತ್ತು.

ಭಾನುವಾರ ಬೆಳಿಗ್ಗೆ ಮೊದಲ ಪರಿಸ್ಥಿತಿ, ಬಿಸಿಲು. ಹಿತ್ತಲಿನ ಬಟ್ಟೆ ಹಗ್ಗದ ಕೆಳಗೆ ಹೆಂಡತಿಯನ್ನು ನಿಲ್ಲಿಸಿ ರಾಯರು ಗುಂಡಿ ಒತ್ತಿದರು. ಕೈ ನಡುಗಿತು. ಆಮೇಲೆ ದೂರ ಎಷ್ಟೆಂದು ಬರೆದುಕೊಳ್ಳಬೇಕಲ್ಲ! ಕ್ಯಾಮೆರಾವನ್ನು ಸ್ಟೂಲಿನ ಮೇಲಿಟ್ಟು, ಹೆಂಡತಿಯ ಅಳತೆ ಟೇಪಿನ ಒಂದು ತುದಿಯನ್ನು ಅದಕ್ಕೆ ಸಿಕ್ಕಿಸಿ, ಇನ್ನೊಂದು ತುದಿ ಹಿಡಿದು ಹಿಂದೆ ಹಿಂದೆ ನಡೆದರು. "ಐದಡಿ... ಆರಡಿ... ಏಳ..." ಏಳನೆಯ ಅಡಿಯಲ್ಲಿ ಬಟ್ಟೆ ನೆನೆಹಾಕಿದ ಟಬ್ಬಿತ್ತು. ರಾಯರು ಸೋಪಿನ ನೀರಿನಲ್ಲಿ ಸಿಂಹಾಸನಾರೂಢರಾದರು!

ಹೆಂಡತಿ ಒಂದು ಗಳಿಗೆ ಬಾಯಿಗೆ ಸೆರಗು ಅಡ್ಡ ಹಿಡಿದಳು. ತಡೆಯಲಾಗದೆ ಬಿದ್ದು ಬಿದ್ದು ನಕ್ಕಳು. ಸ್ಟೂಲಿನ ಮೇಲಿನಿಂದ 'ಕಿಚಕ್' ಎಂದಿತು.

"ಅದೇನ್ರೀ, ತಾನಾಗೇ ಸದ್ದು ಮಾಡ್ತಿದೆ?"

"ಯಂತ್ರ ಕಣೇ," ಎಂದರು ರಾಯರು, ಟಬ್ಬಿನಲ್ಲಿ ಕೂತೇ. "ಬಿಸಿಯಾದದ್ದು ತಣ್ಣಗಾಗುವಾಗ ಹಾಗೇ ಅನ್ನುತ್ತೆ. ಕಾರಿನ ಇಂಜಿನ್ ಕೇಳಿಲ್ವಾ?"

ಓಡುವ ವಸ್ತುವಿಗೆ ಹೊಲಿಗೆ ಯಂತ್ರದ ಗಾಲಿ ಗೊತ್ತಾಯಿತು. "ಜೋರಾಗಿ ತುಳಿ, ಇನ್ನೂ ಜೋರು!" ಎಂದು ಹುರಿದುಂಬಿಸಿ ಒಂದು ಫೋಟೋ ತೆಗೆದರು. ಕೈ ನಡುಗಿತು. ಕ್ಯಾಮೆರಾವನ್ನು ಬಟ್ಟೆ ಕತ್ತರಿಸುವ ಮೇಜಿನ ಮೇಲಿಟ್ಟು, ಗಾಲಿ ನಿಜಕ್ಕೂ ಎಷ್ಟು ವೇಗದಲ್ಲಿ ತಿರುಗುತ್ತಿದೆಯೆಂದು ಬಗ್ಗಿ ನೋಡಿದರು. ಅವರ ಅಂಗಿಯ ಅಂಚು ಮೆಲ್ಲಗೆ ಸೂಜಿಯ ಕೆಳಗೆ ಸರಿಯಿತು. ರಾಯರು ನೆಟ್ಟಗಾದಾಗ ಹೊಟ್ಟೆಯ ಮೇಲೆ ಮೂರನೇ ತರಗತಿಯ ಮಗುವಿನ ಅಂಗಿ ನೇತಾಡುತ್ತಿತ್ತು.

"ಫೋಟೋ ತೆಗೀರಿ ಅಂತ ಕಳಿಸಿದ್ರೆ ನನ್ನ ಮರ್ಯಾದೆ ತೆಗೀತಿದೀರಲ್ಲ! ಶಾಲೆಯವರಿಗೆ ಏನು ಹೇಳಲಿ, ಒಂದು ಸಮವಸ್ತ್ರದ ಜೊತೆ ಗಂಡನೂ ಬರ್ತಾರೆ ಅಂತ್ಲಾ?" ಎಂದು ಬೈಯಲು ಹೊರಟವಳು ಅರ್ಧಕ್ಕೇ ಯಂತ್ರದ ಮೇಲೆ ತಲೆಯಿಟ್ಟು ನಗತೊಡಗಿದಳು. ಕಿಚಕ್, ಕಿಚಕ್.

ಮಬ್ಬು ಬೆಳಕಿಗೆಂದು ಕೋಣೆಯ ಪರದೆ ಎಳೆಯಲು ಮಂಚ ಹತ್ತಿದರು. ಪರದೆ ಬರಲಿಲ್ಲ, ಸರಳು ಬಂತು. ಸರಳಿನ ಹಿಂದೆ ಪರದೆಯೂ ಬಂತು. ಮೂಲೆಯ ಮೇಜಿನ ಮೇಲಿದ್ದ ಕ್ಯಾಮೆರಾದ ಎದುರು, ತಲೆಯಿಂದ ಕಾಲಿನವರೆಗೆ ಹೂವಿನ ಪರದೆ ಹೊದ್ದ ರಾಯರೂ, ಓಡಿಬಂದು ಬಾಗಿಲ ಚೌಕಟ್ಟು ಹಿಡಿದು ನಗುವ ಹೆಂಡತಿಯೂ ನಿಂತರು. ಕಿಚಕ್.

ಹತ್ತು ಮುಗಿಯುವ ಹೊತ್ತಿಗೆ ಊಟದ ಹೊತ್ತಲ್ಲ, ಸಂಜೆಯ ಚಹಾದ ಹೊತ್ತೂ ದಾಟಿತ್ತು. ರಾಯರಿಗೆ ಸೊಂಟ, ಮಂಡಿ, ಹಣೆ ಮೂರೂ ನೋಯುತ್ತಿದ್ದವು. ತೆಗೆದದ್ದನ್ನು ತಿರುಗಿ ನೋಡುವಷ್ಟು ತ್ರಾಣವೂ ಉಳಿಯದೆ ಹಾಗೆಯೇ ಮಲಗಿಬಿಟ್ಟರು.

ಸೋಮವಾರ ಮ್ಯಾನೇಜರು ಬಾಗಿಲು ಮುಚ್ಚಿ ಫೋಟೋಗಳನ್ನು ಗೋಡೆಯ ದೊಡ್ಡ ಪರದೆಗೆ ಹಾಕಿದರು. ಕ್ಯಾಮೆರಾ ಅವನ್ನು ಎರಡು ಕಂತೆಯಾಗಿ ಇಟ್ಟಿತ್ತು; ರಾಯರು ಗುಂಡಿ ಒತ್ತಿ ತೆಗೆದವು ಮೊದಲು ಬಂದವು. ಬಿಸಿಲಿನಲ್ಲಿ ಹೆಂಡತಿ ಯಾರೆಂದು ಗುರುತೇ ಸಿಗದಷ್ಟು ಮಸುಕಾಗಿ ಇಬ್ಬರಾಗಿದ್ದಳು. ಗಾಲಿ ಮೋಡವಾಗಿತ್ತು. ಹತ್ತಿರದ ವಸ್ತುವೆಂದು ತೆಗೆದ ಒಂದು ಚಪ್ಪಲಿ ಐದಾಗಿತ್ತು. ಮ್ಯಾನೇಜರು ಮೇಜಿನ ಮೇಲೆ ಪೆನ್ನು ಕುಟ್ಟುತ್ತಿದ್ದರು. ರಾಯರಿಗೆ ರೆಕಾರ್ಡ್ ರೂಮಿನ ಹಳೇ ಕಾಗದದ ವಾಸನೆ ಆಗಲೇ ಮೂಗಿಗೆ ಬಡಿಯಿತು.

ಅಷ್ಟರಲ್ಲಿ ಹನ್ನೊಂದನೆಯದು ಬಂತು. ಹಿತ್ತಲಿನ ಬಿಸಿಲಿನಲ್ಲಿ ಹೆಂಡತಿ ತಲೆ ಹಿಂದಕ್ಕೆಸೆದು ನಗುತ್ತಿದ್ದಳು. ಕಣ್ಣಂಚಿನ ನೀರಿನ ಹನಿ, ಕೂದಲಿಗೆ ಅಂಟಿದ ದಾರದ ತುಂಡು, ಎಲ್ಲವೂ ಸ್ಪಷ್ಟ. ಹನ್ನೆರಡು, ಹದಿಮೂರು, ಹೀಗೆ ಮೂವತ್ತೊಂದರವರೆಗೂ ಅವಳೇ, ಅವಳ ನಗುವೇ. ರಾಯರಿಗೆ ಆ ಕಿಚಕ್ ಸದ್ದಿನ ಗುಟ್ಟು ಆಗ ಹೊಳೆಯಿತು. ಅದರ ಜೊತೆಗೇ, ಅವಳು ಹೀಗೆ ನಗುವುದನ್ನು ತಾವು ನೋಡಿ ಎಷ್ಟು ವರ್ಷವಾಯಿತೆಂದು ಲೆಕ್ಕ ಹಾಕಹೊರಟರು; ಲೆಕ್ಕ ಸಿಗಲಿಲ್ಲ.

"ರಾಯರೇ! ಇವು ಬಂಗಾರದಂಥ ಫೋಟೋಗಳು ಕಣ್ರೀ! ಕೈ ಒಂಚೂರೂ ಅಲ್ಲಾಡಿಲ್ಲ. ಮೊದಲಿನ ಹತ್ತು ಯಾರು ತೆಗೆದದ್ದು?"

ಕ್ಯಾಮೆರಾ ತಾನೇ ತೆಗೆದದ್ದು ಎಂದರೆ, ತೆಗೆಯುವುದಕ್ಕೆ ಮನುಷ್ಯ ಯಾಕೆ ಬೇಕು ಎಂಬ ಪ್ರಶ್ನೆ ಏಳುತ್ತದೆ.

"ಅವು ನಮ್ಮ ಮನೆಯವಳು ತೆಗೆದದ್ದು ಸಾರ್. ಇವು ನಾನು."

"ಭಲೇ! ಹಾಗಾದ್ರೆ ನೀವು ಫೀಲ್ಡಲ್ಲೇ..." ಎಂದ ಮ್ಯಾನೇಜರು ಸುಮ್ಮನಾದರು. ಪರದೆಯ ಹತ್ತಿರ ಹೋದರು. "ಇಲ್ಲಿ ಟಬ್ಬಲ್ಲಿ ಕೂತಿರೋದು ನೀವಲ್ವಾ?"

"ನಾ... ನಾನೇ ಸಾರ್."

"ಇಲ್ಲಿ ಹೂವಿನ ಪರದೆ ಹೊದ್ದಿರೋದು?"

"ಅದೂ ನಾನೇ."

"ಎಲ್ಲದರಲ್ಲೂ ನಿಮ್ಮ ಮನೆಯವರಿದಾರೆ, ಹಿಂದೆ ನೀವಿದೀರಿ. ಹಾಗಾದ್ರೆ ಇಷ್ಟು ಚೆನ್ನಾಗಿ ತೆಗೆದದ್ದು ಯಾರ್ರೀ?"

ಮನೆಯಲ್ಲಿ ಇನ್ನು ಉಳಿದದ್ದು ಒಂದೇ ಹೆಸರು. ಅದು ರಾಯರ ಬಾಯಿಂದ ತಾನಾಗಿಯೇ ಜಾರಿತು.

"ಅತ್ತೆ ಸಾರ್. ನಮ್ಮತ್ತೆ."

"ವಯಸ್ಸು?"

"ಎಪ್ಪತ್ನಾಲ್ಕು."

ಮ್ಯಾನೇಜರು ಪರದೆಯನ್ನು ನೋಡಿದರು. ರಾಯರ ಬಲಗೈಯನ್ನು ನೋಡಿದರು. ಆಮೇಲೆ ಪೆನ್ನಿನ ಮುಚ್ಚಳ ತೆಗೆದರು.

ಸಂಜೆ ರಾಯರು ಮನೆ ಸೇರಿ, ಚಪ್ಪಲಿಯನ್ನೂ ಬಿಚ್ಚದೆ ಹೊಸ್ತಿಲ ಮೇಲೆಯೇ ಕುಸಿದು ಕೂತರು. ಹೆಂಡತಿ ಹೊಲಿಗೆ ಬಿಟ್ಟು ಎದ್ದು ಬಂದಳು.

"ಯಾಕ್ರೀ, ಏನಾಯ್ತು?"

"ನಾಳೆಯಿಂದ ನನಗೆ ರೆಕಾರ್ಡ್ ರೂಮು. ನಿಮ್ಮಮ್ಮನಿಗೆ ಕೆಲಸ ಸಿಕ್ತು."

"ಅಮ್ಮನಿಗಾ? ಯಾವ ಕೆಲಸ?"

"ನಂದು!"

ಹೆಂಡತಿ ನಕ್ಕಳೋ ಅತ್ತಳೋ ರಾಯರು ತಲೆ ಎತ್ತಿ ನೋಡಲಿಲ್ಲ. ಬೆತ್ತದ ಕುರ್ಚಿ ಕಿರ್ರೆಂದಿತು. ಅತ್ತೆ ಒಳ್ಳೆಯ ಕಣ್ಣನ್ನು ಅಳಿಯನ ಮೇಲೆ ನೆಟ್ಟು ಕೇಳಿದರು:

"ಭಾನುವಾರ ರಜಾ ಕೊಡ್ತಾರಾ ಅಂತ ಕೇಳಿದ್ರಾ, ಅಳಿಯಂದಿರೇ?"