ನನಗಿಂತ ದೂರ ಹೋದವನು

ಹೊಟ್ಟೆ ಉರಿಸಿಕೊಳ್ಳಲು ತರೀಕೆರೆಯಲ್ಲಿ ಕಾರಣ ಹುಡುಕಬೇಕಾಗಿಲ್ಲ, ಅದೇ ಬಾಗಿಲು ತಟ್ಟಿಕೊಂಡು ಬರುತ್ತದೆ. ಇಪ್ಪತ್ತೆರಡು ದೇಶ ಸುತ್ತಿದವಳು ನಾನು. ನಮ್ಮೂರಲ್ಲಿ ದೂರದ ಮಾತು ಬಂದರೆ ಕೊನೇ ಮಾತು ನನ್ನದೇ ಆಗಿತ್ತು.

೧. ಬೀರೂರು ದಾಟದವನು

ನಮ್ಮ ಬೀದಿಯ ಜನರೇಟರ್ ಮೆಕ್ಯಾನಿಕ್ ಒಂದು ದಿನ ಬಂದ. "ಅಕ್ಕಾ, ಸರ್ಕಾರದ ಸಂಶೋಧನಾ ಕೇಂದ್ರದಲ್ಲಿ ಒಂದು ವರ್ಷ ಕೆಲಸ ಸಿಕ್ತು."

"ಎಲ್ಲೋ, ಕಡೂರಲ್ಲಾ?"

"ಅಂಟಾರ್ಕ್ಟಿಕಾದಲ್ಲಿ."

ಅಲ್ಲಿಗೆ ಹೋಗಬೇಕೆಂದು ನಾನೇ ಆ ಕೇಂದ್ರದವರಿಗೆ ಮೂರು ಸಲ ಬರೆದಿದ್ದೆ. "ನೀವು ವಿಜ್ಞಾನಿಯಲ್ಲ, ಡಾಕ್ಟರಲ್ಲ, ಅಡುಗೆಯವರೂ ಅಲ್ಲ. ಅಲ್ಲೇನು ಮಾಡ್ತೀರಿ?" ಅಂತ ಕೇಳಿದ್ದರು. "ನೋಡ್ತೀನಿ" ಅಂದಿದ್ದೆ.

ಆದರೂ ದೊಡ್ಡಸ್ತಿಕೆ ಬಿಡಲಾದೀತೆ? ಅವನ ಹತ್ತಿರ ಇದ್ದದ್ದು ಕೆಮ್ಮಣ್ಣುಗುಂಡಿಗೆ ಹೋಗುವಾಗ ಸುತ್ತಿಕೊಳ್ಳುವ ಮಫ್ಲರ್ ಒಂದೇ. "ಚಳಿ ಅಂದ್ರೇನು ಅಂತ ನಿಂಗೇನೋ ಗೊತ್ತು? ತಗೋ" ಎಂದು ನಾರ್ವೆಯಲ್ಲಿ ಕೊಂಡ ನನ್ನ ನೇರಳೆ ಹೂವಿನ ಸ್ವೆಟರ್ ಕೊಟ್ಟೆ.

೨. ಪೆಂಗ್ವಿನ್ನಿನ ಊರು

ಮೂರು ತಿಂಗಳಿಗೆ ಅವನ ತಾಯಿ ಮೊಬೈಲ್ ಹಿಡಿದು ಬಂದರು. ಫೋಟೋದಲ್ಲಿ ಪೆಂಗ್ವಿನ್, ಪಕ್ಕದಲ್ಲಿ ನನ್ನ ಸ್ವೆಟರ್, ಒಳಗೆ ಅವನು.

"ಪೆಂಗ್ವಿನ್ ತಾನೆ? ನಾನು ದಕ್ಷಿಣ ಆಫ್ರಿಕಾದಲ್ಲೇ ನೋಡಿದೀನಿ ಬಿಡಿ" ಎಂದೆ.

"ಅಲ್ಲಿಗೆ ಅದು ಟೂರಿಗೆ ಬಂದಿರ್ತದೆ ಕಣಮ್ಮ. ಇದು ಅದರ ಸ್ವಂತ ಊರು!"

೩. ಖಾತೆ

ಅವನು ವಾಪಸ್ ಬಂದ ದಿನ ಅವನ ಮನೆ ತುಂಬ ಜನ. ನನ್ನದೊಂದು ಕೊನೇ ಬಾಣ ಉಳಿದಿತ್ತು. "ಅದು ದೇಶವೇ ಅಲ್ಲ. ಆ ನೆಲ ಯಾರಿಗೂ ಸೇರಿಲ್ಲ" ಎಂದುಬಿಟ್ಟೆ.

ಅಜ್ಜಂಪುರದಿಂದ ಬಂದಿದ್ದ ಅವನ ಮಾವ ಕಾಫಿ ಲೋಟ ಕೆಳಗಿಟ್ಟರು. "ಯಾರ ಹೆಸ್ರಲ್ಲೂ ಖಾತೆ ಇಲ್ವಾ? ಲೇ, ಒಂದು ವರ್ಷ ಅಲ್ಲೇ ಕೂತಿದ್ದೀಯ, ಬಗರ್ ಹುಕುಂ ಅರ್ಜಿ ಹಾಕೋದಲ್ವೇನೋ!"

೪. ಸನ್ಮಾನ

ಬೀದಿಯವರು ಅವನಿಗೆ ಸನ್ಮಾನ ಇಟ್ಟರು. ಮೈಕ್ ಕಂಡದ್ದೇ ಅವನು ಬೆವೆತ. "ಅಕ್ಕಾ, ನೀವೇ ಹೇಳ್ಬಿಡಿ. ನಾನು ನೋಡಿದ್ದು ಜನರೇಟರೇ ಜಾಸ್ತಿ."

ಅವನು ಹಿಂದಿರುಗಿಸಿದ್ದ ಸ್ವೆಟರನ್ನು ನಾನು ಒಗೆದಿರಲಿಲ್ಲ. ಏಪ್ರಿಲ್ ಸೆಕೆಯಲ್ಲೂ ಅದನ್ನೇ ತೊಟ್ಟು ಹೋಗಿದ್ದೆ. ಮುಕ್ಕಾಲು ಗಂಟೆ ಮಾತಾಡಿದೆ: ಹಿಮಗಾಳಿ, ಮುಳುಗದ ಸೂರ್ಯ, ಬಿಳೀ ಮೌನ. ಜನ ಉಸಿರು ಬಿಡದೆ ಕೇಳಿದರು. ಗೆದ್ದೆ ಅಂದುಕೊಳ್ಳುವಷ್ಟರಲ್ಲಿ ಮೇಷ್ಟರೊಬ್ಬರು ಎದ್ದು ನಿಂತರು. "ಅದ್ಭುತ ಮೇಡಂ. ನೀವು ಯಾವ ವರ್ಷ ಹೋಗಿದ್ರಿ?"

ನಾನು ಕೆಮ್ಮಿದೆ, ನೀರು ಕುಡಿದೆ. ಮುಂದಿನ ಸಾಲಿನಿಂದ ಅವನ ತಾಯಿಯೇ ಕೂಗಿ ಹೇಳಿದರು:

"ಅವ್ರೆಲ್ಲಿ ಹೋದ್ರು ಮೇಷ್ಟ್ರೇ? ಹೋಗಿದ್ದು ಅವ್ರ ಸ್ವೆಟರ್ರು!"